ಜೇಬು ಎಣಿಸಬೇಡಿ, ಬೆನ್ನಿನ ಪಟ್ಟಿ ನೋಡಿ

ಬೈನಾಕ್ಯುಲರನ್ನು ಎದೆ ಮೇಲೆ ಹೊರಲು ಬಳಸುವ ಪಟ್ಟಿಯಿರುವ ಚೀಲ, ಅಂದರೆ ಚೆಸ್ಟ್ ಹಾರ್ನೆಸ್, ಜೇಬು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ಜೇಬು ಇದ್ದಷ್ಟೂ ಸುಮ್ನೆ ತುಂಬುತ್ತಾ ಹೋಗುತ್ತೇವೆ ಅಲ್ವಾ? 10×42 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಒಂದೇ ಸುಮಾರು 700 ಗ್ರಾಂ ತೂಗುತ್ತದೆ, ಅದರ ಜೊತೆ ಫೋನು, ನೋಟ್‌ಬುಕ್ಕು, ಚಾಕು ಸೇರಿದರೆ ಸಂಜೆ ಹೊತ್ತಿಗೆ ಹೆಗಲು ಬಿದ್ದುಹೋಗುತ್ತದೆ.

ಮೊದಲು ಬೆನ್ನಿನ ಪಟ್ಟಿ ನೋಡಿ. ಅವು ಬೆನ್ನ ಮೇಲೆ ಒಂದಕ್ಕೊಂದು ಅಡ್ಡ ಹಾಯ್ದು ಭಾರವನ್ನು ಎರಡೂ ಹೆಗಲಿಗೆ ಹಂಚಬೇಕು, ಕುತ್ತಿಗೆಗೆ ತಾಗಲೇಬಾರದು. ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ತೊಟ್ಟು ನೋಡಿ, ಯಾಕಂದ್ರೆ ಬ್ಯಾಗಿನ ಪಟ್ಟಿ ಕೆಳಗೆ ಬಕಲ್ ಸಿಕ್ಕಿಕೊಂಡರೆ ಹೆಜ್ಜೆ ಹೆಜ್ಜೆಗೂ ಎಲುಬಿಗೆ ಒತ್ತುತ್ತದೆ.

ಮುಚ್ಚಳದ ವಿಷಯವೂ ಮುಖ್ಯ. ವೆಲ್ಕ್ರೋ ಪರ್‍ರ್ ಅಂದರೆ ಹಕ್ಕಿ ಹಾರಿಹೋಗುತ್ತದೆ. ಮ್ಯಾಗ್ನೆಟ್ ಸದ್ದು ಮಾಡಲ್ಲ, ಒಂದೇ ಕೈಯಲ್ಲಿ ತೆರೆಯಬಹುದು, ಆದರೆ ಪಕ್ಕದ ಜೇಬಿನಲ್ಲಿ ದಿಕ್ಸೂಚಿ ಇಟ್ಟರೆ ಮುಳ್ಳು ತಪ್ಪು ದಿಕ್ಕು ತೋರಿಸುತ್ತದೆ. ಪೇಸ್‌ಮೇಕರ್ ಇರುವವರಿಗಂತೂ ಎದೆ ಮೇಲೆ ಮ್ಯಾಗ್ನೆಟ್ ಬೇಡವೇ ಬೇಡ.

ಇನ್ನೊಂದು, ಉಬ್ಬಿದ ದೊಡ್ಡ ಪೌಚ್ ಬೇಡ. ಕಲ್ಲಿನ ಇಳಿಜಾರಿನಲ್ಲಿ ನನ್ನ ಪಾದವೇ ನನಗೆ ಕಾಣದೆ ಒಮ್ಮೆ ಜಾರಿ ಬಿದ್ದಿದ್ದೇನೆ. ಕೊಳ್ಳುವ ಮುಂಚೆ ಎಲ್ಲ ತುಂಬಿಕೊಂಡು ನಿಂತು, ಕೆಳಗೆ ನೋಡಿ, ಬೂಟಿನ ತುದಿ ಕಾಣಬೇಕು.