ಸತ್ಯಾಂಶ: ಸಂಸ್ಕೃತಿ ರಕ್ತದಲ್ಲೇ ಬರುತ್ತದೆಯೇ?

‘ಸಂಸ್ಕೃತಿ ರಕ್ತದಲ್ಲೇ ಬರುತ್ತದೆ, ಹೊರಗಿನಿಂದ ಬಂದದ್ದು ಎಂದಿಗೂ ನಮ್ಮದಾಗುವುದಿಲ್ಲ’ ಎಂಬ ಸಂದೇಶ ಬೀದರ್, ಕಲಬುರಗಿ ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದರ ಎರಡೂ ಮಾತುಗಳು ತಪ್ಪು.

ಸಂಸ್ಕೃತಿ ಎನಿಸುವ ಜ್ಞಾನ, ನಂಬಿಕೆ, ಕಲೆ, ಕಾನೂನು, ರೂಢಿಗಳನ್ನು ಮನುಷ್ಯ ಸಮಾಜದ ಸದಸ್ಯನಾಗಿ ಗಳಿಸಿಕೊಳ್ಳುತ್ತಾನೆ ಎಂದು ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1871ರಲ್ಲೇ ಬರೆದರು. ಸಮಾಜಗಳನ್ನು ಮೇಲು-ಕೀಳಿನ ಮೆಟ್ಟಿಲುಗಳಲ್ಲಿ ನಿಲ್ಲಿಸಿದ ಅವರ ಇನ್ನೊಂದು ವಾದವನ್ನು ಮುಂದೆ ಫ್ರಾಂಜ್ ಬೋವಾಸ್ ಮೊದಲಾದ ಮಾನವಶಾಸ್ತ್ರಜ್ಞರು ತಿರಸ್ಕರಿಸಿದರು, ಅದು ಸರಿಯೂ ಆಗಿತ್ತು. ಆದರೆ ಸಂಸ್ಕೃತಿ ಕಲಿತು ಬರುವಂಥದ್ದು ಎಂಬ ಮಾತು ಗಟ್ಟಿಯಾಗಿಯೇ ಉಳಿಯಿತು. ಯಾದಗಿರಿಯಲ್ಲಿ ಹುಟ್ಟಿದ ಕೂಸನ್ನು ಎಳವೆಯಲ್ಲೇ ಜಪಾನಿನ ಮನೆಯೊಂದು ದತ್ತು ಪಡೆದರೆ, ಹೆತ್ತವರ ಮೈಬಣ್ಣ ಅದರ ಜೊತೆ ಹೋಗುತ್ತದೆ, ಆದರೆ ಅದು ಆಡುವ ಭಾಷೆ ಜಪಾನಿಯೇ ಆಗಿರುತ್ತದೆ.

ಬೀದರಿನ ಬಿದ್ರಿ ಕಲೆಯನ್ನೇ ನೋಡಿ. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಇದನ್ನು ತಂದರೆಂಬುದು ಇಲ್ಲಿನ ಪ್ರತೀತಿ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಉಪಚರಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಕುಶಲಕರ್ಮಿಯ ಮಗನಾದರೂ ಈ ಕೆಲಸವನ್ನು ವರ್ಷಗಟ್ಟಲೆ ಕುಳಿತು ಕಲಿಯಲೇಬೇಕು. ಇಂದು ಇದು ಬೀದರಿನದೇ ಹೆಮ್ಮೆ.

ಜೋಳದ ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯ (ಚಟ್ನಿಪುಡಿಯ) ಕಥೆಯೂ ಹೀಗೆಯೇ: ಅದರಲ್ಲಿನ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು, ಕೊಲಂಬಸ್ ಅಲ್ಲಿಗೆ ತಲುಪಿದ 1492ಕ್ಕೆ ಮೊದಲು ಈ ನೆಲದಲ್ಲಿ ಯಾರೂ ಅವನ್ನು ಬೆಳೆದಿರಲಿಲ್ಲ.