ಪುರಾಣ ಗೋಡೆಗೆ, ಬದನೆಕಾಯಿ ತಟ್ಟೆಗೆ

ದಾವಣಗೆರೆಯಲ್ಲಿ ತಿನ್ನಲು ಬೇಕಾದಷ್ಟಿದೆ. ಓದಲು ಏನಿದೆ ಎಂದು ಕೇಳುವವರು ಇಲ್ಲಿನ ಹೋಟೆಲ್ಲಿನ ಗೋಡೆಗೆ ಮುಖ ಮಾಡಿ ಕೂರಬೇಕು. ಗಲ್ಲಾಪೆಟ್ಟಿಗೆಯ ಹಿಂದೆ ಮೊದಲು ದೇವರು. ದೇವರ ಪಕ್ಕದಲ್ಲಿ ಗಂಧದ ಹಾರ ಹಾಕಿಸಿಕೊಂಡ ಹೋಟೆಲಿನ ಮೂಲಪುರುಷರು. ಅವರ ಕೆಳಗೆ ಸರ್ಕಾರ: ಪಾಲಿಕೆಯ ಉದ್ದಿಮೆ ಪರವಾನಗಿ, ಆಹಾರ ಸುರಕ್ಷತೆಯ 14 ಅಂಕಿಗಳ ಸಂಖ್ಯೆ, ಜಿಎಸ್‌ಟಿ ಪ್ರಮಾಣಪತ್ರ, ಪ್ಲಾಸ್ಟಿಕ್ ನಿಷೇಧ, ಧೂಮಪಾನ ನಿಷೇಧ. ಬೆಳಿಗ್ಗೆ ಊದುಬತ್ತಿ ಹಚ್ಚುವ ಹುಡುಗ ದೇವರಿಗೆ ಮೂರು ಸುತ್ತು ಬೆಳಗಿ, ಕೈ ಇಳಿಸುವ ದಾರಿಯಲ್ಲಿ ಜಿಎಸ್‌ಟಿಗೂ ಒಂದು ಸುತ್ತು ತೋರಿಸಿಬಿಡುತ್ತಾನೆ. ಪೂಜೆ ಸ್ವೀಕರಿಸಿದ ಮೇಲೆ ಇಬ್ಬರೂ ಅಡುಗೆಮನೆಯ ಉಸಾಬರಿಗೆ ಬರುವುದಿಲ್ಲ.

ಈ ದೇಶದಲ್ಲಿ ಕಾನೂನು ಪಾಲನೆಯಾಗುತ್ತಿಲ್ಲ ಎಂದು ಗೊಣಗುವವರು ತಟ್ಟೆ ನೋಡಿ ಮಾತನಾಡುತ್ತಿದ್ದಾರೆ. ಗೋಡೆ ನೋಡಿದರೆ ಇಷ್ಟು ಶಿಸ್ತಿನ ಸಮಾಜ ಇನ್ನೊಂದಿಲ್ಲ. ಧೂಮಪಾನದ ಫಲಕವನ್ನೇ ತೆಗೆದುಕೊಳ್ಳಿ. 2008ರ ನಿಯಮದ ಪ್ರಕಾರ ಅದು ಕನಿಷ್ಠ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ ಇರಬೇಕು. ಯಾರಾದರೂ ಸೇದಿದರೆ ದೂರು ಕೊಡುವುದು ಯಾರಿಗೆ ಎಂಬ ಹೆಸರನ್ನೂ ಪ್ರಕಟಿಸಬೇಕು. ಪಿ.ಬಿ. ರಸ್ತೆಯ ಬದಿಯ ಒಂದು ಹೋಟೆಲ್ಲಿನಲ್ಲಿ ಅಳತೆಯೂ ಸರಿಯಿತ್ತು, ಹೆಸರೂ ಇತ್ತು. ಪಕ್ಕದ ಮೇಜಿನಿಂದ ಹೊಗೆ ಬರುತ್ತಿತ್ತಾದ್ದರಿಂದ ಆ ಹೆಸರಿನವರು ಎಲ್ಲಿದ್ದಾರೆ ಎಂದು ಮಾಣಿಯನ್ನು ಕೇಳಿದೆ.

"ಅವರೇ ಸಾರ್ ಸೇದುತ್ತಿರುವುದು. ಮುಗಿಸಲಿ, ಆಮೇಲೆ ಹೇಳಿ" ಎಂದ.

ಗೋಡೆಯ ಇನ್ನೊಂದು ಮಗ್ಗುಲಿನಲ್ಲಿ ಯಜಮಾನರು ಸ್ವತಃ ಬರೆಸಿದ ಕಾನೂನುಗಳಿರುತ್ತವೆ. 'ತಟ್ಟೆಯಲ್ಲಿ ಕೈ ತೊಳೆಯಬಾರದು.' 'ಹೊರಗಿನ ತಿಂಡಿ ತರಬಾರದು.' 'ಚಿಲ್ಲರೆ ಕೊಟ್ಟು ಸಹಕರಿಸಿ.' 'ತಿಂಡಿಯಾದ ಮೇಲೆ ಕೂರಬಾರದು.' ಇವಕ್ಕೆ ಸದನದ ಒಪ್ಪಿಗೆಯಿಲ್ಲ, ರಾಜ್ಯಪಾಲರ ಅಂಕಿತವಿಲ್ಲ, ಗೆಜೆಟ್ಟಿನಲ್ಲಿ ಬಂದಿಲ್ಲ. ಆದರೂ ತಟ್ಟೆಯ ಮೇಲೆ ಲೋಟ ಬಗ್ಗಿಸಿ ನೋಡಿ: ಮಾಣಿ, ಕ್ಯಾಷಿಯರ್, ಎದುರು ಮೇಜಿನ ಅಪರಿಚಿತ ಹಿರಿಯರು, ಮೂವರೂ ಒಟ್ಟಿಗೆ ಹಾಂ ಹಾಂ ಎಂದು ಕಾನೂನು ಜಾರಿ ಮಾಡುತ್ತಾರೆ. ಕೂರಬಾರದು ಎಂಬ ನಿಯಮಕ್ಕಂತೂ ಫಲಕದ ಅಗತ್ಯವೇ ಇಲ್ಲ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಹೋಟೆಲ್ಲಿಗೆ ಹೋದರೆ ನಿಮ್ಮ ಕುರ್ಚಿಯ ಹಿಂದೆ ಒಂದು ಕುಟುಂಬ ಬಂದು ನಿಲ್ಲುತ್ತದೆ. ಅವರು ಒಂದು ಮಾತೂ ಆಡುವುದಿಲ್ಲ. ಅವರ ಕಿರಿಯ ಮಗು ಮಾತ್ರ ನಿಮ್ಮ ತಟ್ಟೆಯಲ್ಲಿ ಉಳಿದಿರುವ ದೋಸೆಯನ್ನು ಗಟ್ಟಿಯಾಗಿ ಅಂದಾಜು ಮಾಡುತ್ತಿರುತ್ತದೆ. ನೀವು ಇನ್ನೊಂದು ಖಾಲಿ ದೋಸೆ ಹೇಳಿದಿರೋ, ಆ ತಾಯಿ ಬಿಡುವ ನಿಟ್ಟುಸಿರು ನಿಮ್ಮ ಕುತ್ತಿಗೆಗೆ ತಾಕುತ್ತದೆ.

1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹಾಕತೊಡಗಿದರು, ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ ಬಂತು, ಅದರ ಮೇಲೆ ಬೆಣ್ಣೆ ಬಂತು ಎಂಬುದು ಊರು ಹೇಳಿಕೊಂಡು ಬಂದ ಕತೆ. ಆ ತಾಯಿಯ ಕಾಲದ ಗೋಡೆಯ ಮೇಲೆ ಏನಿತ್ತೋ. ಬಹುಶಃ ಹೊಗೆಯ ಮಸಿ. ಈಗ ಊರ ಮಧ್ಯದಲ್ಲೇ 'ದಾವಣಗೆರೆ ಬೆಣ್ಣೆ ದೋಸೆ' ಎಂದು ಬರೆಸಬೇಕಾಗಿದೆ, ದಾವಣಗೆರೆಯಲ್ಲಿ ಸಿಗುವ ದೋಸೆ ಮತ್ತೆಲ್ಲಿಯದೋ ಎಂಬ ಸಂಶಯ ಗಿರಾಕಿಗೆ ಬಂದಿದೆ ಎಂಬಂತೆ. ಕೆಲವರು ಅದರ ಹಿಂದೆ 'ಒರಿಜಿನಲ್' ಸೇರಿಸುತ್ತಾರೆ, ಅವರ ಎದುರಿನವರು 'ಹಳೆಯ ಒರಿಜಿನಲ್' ಎನ್ನುತ್ತಾರೆ. ಇಷ್ಟೆಲ್ಲ ಅಕ್ಷರ ಹಿಡಿಸುವ ಗೋಡೆಯಲ್ಲಿ, ಕಾವಲಿಯ ಮೇಲೆ ಬೀಳುತ್ತಿರುವ ಆ ಮುದ್ದೆ ಹಸುವಿನದೋ ಎಮ್ಮೆಯದೋ ಡಬ್ಬದ ವನಸ್ಪತಿಯದೋ ಎಂದು ತಿಳಿಸುವಷ್ಟು ಜಾಗ ಮಾತ್ರ ಯಾರಿಗೂ ಸಿಕ್ಕಿಲ್ಲ. ಕೇಳಿದರೆ 'ತಿಂದು ನೋಡಿ' ಎನ್ನುತ್ತಾರೆ. ತಿಂದು ನೋಡಿದರೆ ರುಚಿಯಾಗಿಯೇ ಇರುತ್ತದೆ, ನಮ್ಮ ಚಳವಳಿ ಅಲ್ಲಿಗೆ ಮುಗಿಯುತ್ತದೆ.

ಗೋಡೆಯೇ ಇಲ್ಲದವರ ಕಷ್ಟ ಬೇರೆ. ಸಂಜೆ ರಾಂ ಅಂಡ್ ಕೋ ವೃತ್ತದ ಸುತ್ತ ನಿಲ್ಲುವ ಗಾಡಿಗಳಿಗೆ ಕಾನೂನು ನೇತುಹಾಕಲು ಮೊಳೆ ಹೊಡೆಯುವ ಜಾಗವಿಲ್ಲ. ಆದ್ದರಿಂದ ಅಲ್ಲಿ ಕಾನೂನು ಬೇರೆ ದಾರಿಯಲ್ಲಿ ತಲುಪುತ್ತದೆ. ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು, ಮುದ್ರಣದ ಶಾಯಿ ಹೊಟ್ಟೆಗೆ ಹೋಗುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತಲೇ ಬಂದಿದೆ. ಆ ಎಚ್ಚರಿಕೆ ಸುದ್ದಿಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಮಾರನೆಯ ಸಂಜೆ ಅದೇ ಹಾಳೆ ಬಿಸಿ ಮೆಣಸಿನಕಾಯಿ ಬಜ್ಜಿಯೊಂದಿಗೆ ನಮ್ಮ ಕೈಗೆ ಬರುತ್ತದೆ, ಎಣ್ಣೆ ಹೀರಿ ಪಾರದರ್ಶಕವಾಗಿ. ಸರ್ಕಾರದ ಆದೇಶವೊಂದು ಪಾರದರ್ಶಕವಾಗಿದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ. ಪತ್ರಿಕೆಗೆ ಬರೆಯುವ ನಮ್ಮಂಥವರ ಅಂಕಣವನ್ನು ಜನ ಕೊನೆಯ ಸಾಲಿನವರೆಗೂ ಓದುವುದು ಮಂಡಕ್ಕಿ ತೀರಿದ ಮೇಲೆಯೇ ಆದ್ದರಿಂದ, ಈ ನಿಯಮದ ಜಾರಿಗೆ ನಾನು ಒತ್ತಾಯಿಸುವುದಿಲ್ಲ.

ಎಣ್ಣೆಯ ವಿಷಯಕ್ಕೂ ನಿಯಮವಿದೆ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳ ಒಟ್ಟು ಪ್ರಮಾಣ ಶೇಕಡಾ 25 ದಾಟಿದರೆ ಅದನ್ನು ಮತ್ತೆ ಬಳಸಬಾರದು. ಅಳೆಯಲು ಉಪಕರಣವೂ ಇದೆಯಂತೆ. ನಮ್ಮ ಬಜ್ಜಿಯಜ್ಜಿಯ ಬಳಿ ಇರುವ ಉಪಕರಣವೆಂದರೆ ಜಾಲರಿ ಸೌಟು. ಅದು ಎಣ್ಣೆಯೊಳಗೆ ಕಾಣುವಷ್ಟು ದಿನ ಎಣ್ಣೆ ಚೆನ್ನಾಗಿದೆ ಎಂದು ಲೆಕ್ಕ.

ಗೋಬಿಯ ಕತೆ ಇನ್ನೂ ಚೆನ್ನಾಗಿದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ತಪ್ಪಿದರೆ ಜೈಲು, ಲಕ್ಷಗಟ್ಟಲೆ ದಂಡ ಎಂದು ಸಚಿವರು ಎಚ್ಚರಿಸಿದರು. ನಮ್ಮ ಬಡಾವಣೆಯ ಗಾಡಿಯವರು ಹೆದರಿ ಮಾರನೆಯ ದಿನವೇ 'ಇಲ್ಲಿ ಬಣ್ಣ ಬಳಸುವುದಿಲ್ಲ' ಎಂದು ಬರೆಸಿದರು, ಕಡುಗೆಂಪು ಬಣ್ಣದಲ್ಲಿ. ಒಂದೆರಡು ವಾರ ಗೋಬಿ ತನ್ನ ನಿಜವಾದ ಮೈಬಣ್ಣದಲ್ಲಿ ಕಾಣಿಸಿಕೊಂಡಿತು. ಗಿರಾಕಿಗಳು ಇದೇನು ಜ್ವರ ಬಂದವರಿಗೆ ಮಾಡಿದ್ದೇ ಎಂದು ಕೇಳಿದರು. ಕ್ರಮೇಣ ಕೆಂಪು ಮರಳಿತು. "ಬ್ಯಾಡಗಿ ಮೆಣಸಿನಕಾಯಿ ಅಣ್ಣಾ, ಹಾವೇರಿಯಿಂದ ತರಿಸಿದ್ದು" ಎಂದು ಗಾಡಿಯವನು ಹೇಳಿದ. ಹಾವೇರಿ ಹತ್ತಿರದಲ್ಲೇ ಇರುವುದು ನಮ್ಮ ಪುಣ್ಯ. ಬೆರಳಿಗೆ ಹತ್ತಿದ ಆ ಬ್ಯಾಡಗಿ ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ, ಮತದಾನ ಮಾಡಿದ ಗುರುತಿನ ಹಾಗೆ.

2025ರ ಜುಲೈನಲ್ಲಿ ಗಾಡಿಗಳಿಗೂ ಒಂದು ಫಲಕ ಬಂತು. ಮೊಬೈಲಿನಲ್ಲಿ ಹಣ ಪಡೆದ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದೇ ತಡ, ಡಿಜಿಟಲ್ ಆಗಿರಿ ಎಂದು ಸರ್ಕಾರವೇ ಅಂಟಿಸಿದ್ದ ಕ್ಯೂಆರ್ ಚೌಕಗಳನ್ನು ಕಿತ್ತು ಅದೇ ಜಾಗದಲ್ಲಿ 'ನಗದು ಮಾತ್ರ' ಎಂದು ಅಂಟಿಸಿದರು. ಆ ವಾರ ಹತ್ತು ರೂಪಾಯಿಯ ಚಹಾಕ್ಕೆ ಐನೂರರ ನೋಟು ಹಿಡಿದು ಬಂದವರನ್ನು ಕಂಡರೆ ಚಹಾದವರು ಕಣ್ಣು ತಪ್ಪಿಸುತ್ತಿದ್ದರು. ಆಮೇಲೆ ಚೌಕಗಳು ಒಂದೊಂದಾಗಿ ಹಿಂದಿರುಗಿದವು. ಸ್ಕ್ಯಾನ್ ಮಾಡಿದರೆ ಕೆಲವೆಡೆ ಯಜಮಾನರ ಹೆಸರಿನ ಬದಲು ಅತ್ತಿಗೆಯ ಹೆಸರು ಬರುತ್ತದೆ, ಅಷ್ಟೇ.

ಇನ್ನು ಕುಡಿಯುವ ಕಡೆಗೆ ಬರೋಣ, ಅಲ್ಲಿ ಗೋಡೆಯ ಉಪಯೋಗ ಇನ್ನೂ ಹೆಚ್ಚು. ನಮ್ಮ ರಾಜ್ಯದಲ್ಲಿ ಮದ್ಯದಂಗಡಿಗೆ ಸಿಎಲ್-2, ಬಾರಿಗೆ ಸಿಎಲ್-9, ಕೋಣೆಗಳಿರುವ ಹೋಟೆಲಿಗೆ ಸಿಎಲ್-7 ಎಂದು ಬೇರೆ ಬೇರೆ ಪರವಾನಗಿ. ಸಿಎಲ್-2 ಎಂದರೆ ಕೊಳ್ಳಬೇಕು, ಹೋಗಬೇಕು. ಅಲ್ಲಿ ಕುಡಿಯುವಂತಿಲ್ಲ. ಕುಡಿಯುವಂತಿಲ್ಲ ಎಂಬ ಫಲಕವನ್ನು ಅಂಗಡಿಯ ಪಕ್ಕದ ಓಣಿಯಲ್ಲಿ ಸರಿಯಾಗಿ ಎದೆಯೆತ್ತರಕ್ಕೆ ಕಟ್ಟಿರುತ್ತಾರೆ. ತಗಡಿನ ಮೇಲಂಚನ್ನು ಒಳಕ್ಕೆ ಮಡಿಸಿರುವುದರಿಂದ ಅದರ ಮೇಲೆ ಲೋಟ ನಿಲ್ಲುತ್ತದೆ. ಕಾನೂನಿನ ಆಸರೆ ಎಂದು ವಕೀಲರು ಹೇಳುವುದು ಇದನ್ನೇ ಇರಬೇಕು. ಸುತ್ತ ಬೇಯಿಸಿದ ಶೇಂಗಾ, ಮೊಟ್ಟೆ, ಕಾಂಗ್ರೆಸ್ ಕಡಲೆ, ಉಪ್ಪಿನಕಾಯಿ ಪೊಟ್ಟಣ. ಊರಿನ ಯಾವ ಹೋಟೆಲ್ಲಿನಲ್ಲೂ ಇಷ್ಟು ಬೇಗ ತಿಂಡಿ ಬರುವುದಿಲ್ಲ. ಮಾತನಾಡಿಸಿದ ಶೇಂಗಾದವರು ಒಂದು ನಿಯಮವನ್ನೂ ಮುರಿದವರಲ್ಲ: "ನಾನು ಮಾರುವುದು ಶೇಂಗಾ ಸಾರ್. ಅಂಗಡಿಯವರು ಮಾರುವುದು ಬಾಟಲಿ. ಇವರು ನಿಂತಿರುವುದು ರಸ್ತೆಯಲ್ಲಿ. ಇದರಲ್ಲಿ ಬಾರ್ ಎಲ್ಲಿದೆ?"

ಎಷ್ಟನೆಯ ವಯಸ್ಸಿಗೆ ಕುಡಿಯಬಹುದು ಎಂಬ ಫಲಕ ಬರೆಯುವವನ ಪಾಡು ಯಾರಿಗೂ ಬೇಡ. 1965ರ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ. ಆ ಕಾಯ್ದೆಯ ಹೊಟ್ಟೆಯಿಂದಲೇ ಹುಟ್ಟಿದ 1967ರ ನಿಯಮಗಳಲ್ಲಿ 21 ಎಂದಿದೆ. ತಾಯಿಗಿಂತ ಮಗು ಎರಡು ವರ್ಷ ಚಿಕ್ಕದು, ಆದರೆ ಮೂರು ವರ್ಷ ಹೆಚ್ಚು ಕಟ್ಟುನಿಟ್ಟು. 2023ರ ಆರಂಭದಲ್ಲಿ ಎರಡನ್ನೂ 18ಕ್ಕೆ ತರುವ ಪ್ರಸ್ತಾಪವಾಯಿತು, ಜನ ಗದ್ದಲ ಮಾಡಿದರು, ಪ್ರಸ್ತಾಪ ವಾಪಸಾಯಿತು. ಹೀಗಾಗಿ ಹತ್ತೊಂಬತ್ತರ ಹುಡುಗನೊಬ್ಬ ನಮ್ಮ ರಾಜ್ಯದಲ್ಲಿ ಕಾಯ್ದೆಯ ಪ್ರಕಾರ ಸಭ್ಯ, ನಿಯಮದ ಪ್ರಕಾರ ಅಪ್ರಾಪ್ತ, ಓಣಿಯ ಪ್ರಕಾರ ಕಾಯಂ ಗಿರಾಕಿ.

1992ರಿಂದ ಹೊಸ ಬಾರುಗಳಿಗೂ ಹೊಸ ಮದ್ಯದಂಗಡಿಗಳಿಗೂ ಪರವಾನಗಿ ಕೊಡುವುದನ್ನು ನಿಲ್ಲಿಸಲಾಗಿತ್ತು. ಕೋಣೆಗಳಿರುವ ಹೋಟೆಲಿಗೆ ಮಾತ್ರ ದಾರಿ ತೆರೆದಿತ್ತು. ರಾಜ್ಯದ ಉದ್ಯಮಿಗಳಿಗೆ ಪ್ರವಾಸಿಗರ ಮೇಲೆ ಅಪಾರ ಕಾಳಜಿ ಹುಟ್ಟಿದ್ದು ಆ ನಂತರ. ಪ್ರವಾಸಿಗಳೇ ಬಾರದ ಊರಿನಲ್ಲೂ ಲಾಡ್ಜುಗಳೆದ್ದವು. ಕೆಳಗಿನ ಮಹಡಿ ರಾತ್ರಿ ಹನ್ನೊಂದರವರೆಗೂ ಗಿಜಿಗಿಜಿ. ಮೇಲಿನ ಮಹಡಿಯಲ್ಲಿ ಒಗೆದು ಇಸ್ತ್ರಿ ಮಾಡಿದ ಹಾಸಿಗೆಗಳು ಅತಿಥಿಗಾಗಿ ಕಾಯುತ್ತಿರುತ್ತವೆ. ಒಮ್ಮೆ ಹೊರಗಿನಿಂದ ಬಂದ ನನ್ನ ನೆಂಟರೊಬ್ಬರು ಇಂಥಲ್ಲಿಗೆ ಹೋಗಿ ಒಂದು ಕೋಣೆ ಬೇಕು ಎಂದಾಗ ಕೌಂಟರಿನವರು ತಬ್ಬಿಬ್ಬಾಗಿ, ಬೀಗದ ಕೈ ಹುಡುಕಿಸಲು ಅಡುಗೆಭಟ್ಟರನ್ನು ಕರೆಸಿದರು.

ಹಳೆಯ ಬಾರಿನ ಗೋಡೆಯಲ್ಲೂ ಎಲ್ಲ ಪ್ರಮಾಣಪತ್ರಗಳಿವೆ, ಆದರೆ ಬೆಳಕಿಲ್ಲ. ತಟ್ಟೆಯಲ್ಲಿರುವುದು ಚಿಕನ್ನೋ ಗೋಬಿಯೋ ಎಂದು ಬಾಯಿಗೆ ಹೋದ ಮೇಲೇ ತಿಳಿಯುವಾಗ ಜಿಎಸ್‌ಟಿ ಸಂಖ್ಯೆ ಯಾರು ಓದಬೇಕು. ಈಚೆಗೆ ವಿದ್ಯಾನಗರದ ಕಡೆ, ಪಿ.ಬಿ. ರಸ್ತೆಯ ಹೊಸ ಕಟ್ಟಡಗಳ ತುದಿ ಮಹಡಿಗಳಲ್ಲಿ ಬಂದಿರುವ ಪಬ್ಬುಗಳು ಈ ಕಲೆಯನ್ನು ಪೂರ್ಣಗೊಳಿಸಿವೆ. ಹೊರಗಿನ ಫಲಕದಲ್ಲಿ 2024ರ ತಿದ್ದುಪಡಿಯಂತೆ ಶೇಕಡಾ 60 ಕನ್ನಡ. ಅಂದರೆ ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರಗಳಲ್ಲಿ ದಪ್ಪಗೆ ಬರೆದಿದ್ದಾರೆ. ಕನ್ನಡ ಬಲ್ಲವರು ಅದನ್ನು ಓದಬಲ್ಲರು, ಇಂಗ್ಲಿಷ್ ಬಲ್ಲವರು ಅರ್ಥ ಮಾಡಿಕೊಳ್ಳಬಲ್ಲರು. ಒಳಗಿನ ಗೋಡೆಯಲ್ಲಿ ದೇವರಿಲ್ಲ, ಮೂಲಪುರುಷರಿಲ್ಲ, ಸರ್ಕಾರವೂ ಇಲ್ಲ. ನೇರಳೆ ದೀಪದಲ್ಲಿ ಬದುಕನ್ನು ಪ್ರೀತಿಸಿ ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಮಿನುಗುತ್ತಿದೆ. ಮೆನು ಕೊಡಿ ಎಂದರೆ ಮೇಜಿನ ಮೇಲಿನ ಚೌಕ ತೋರಿಸುತ್ತಾರೆ. ಮಂಡಕ್ಕಿ ಇಲ್ಲಿಯೂ ಇದೆ. ಬೀದಿಯಲ್ಲಿ ಕಾಗದದ ಮೇಲೆ ಬರುವುದು ಇಲ್ಲಿ ಮಣ್ಣಿನ ಕುಡಿಕೆಯಲ್ಲಿ ಪುದೀನ ಎಲೆ ಮುಡಿದುಕೊಂಡು ಬರುತ್ತದೆ; ಆ ಬೆಲೆಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಯಿಂದ ಒಂದು ಮೂಟೆಯನ್ನೇ ತರಬಹುದು.

ಬಿಲ್ಲು ಬಂದಾಗ ತೆರಿಗೆಯ ಮೇಲೆ ಇನ್ನೊಂದು ಸಾಲಿತ್ತು: ಆತಿಥ್ಯ ಕೊಡುಗೆ, ಶೇಕಡಾ 10. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನೇತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲೂ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇದನ್ನು ಸಂಗೀತದ ಗದ್ದಲ ಮೀರಿ ಕೂಗಿ ಹೇಳಿದೆ. ಮ್ಯಾನೇಜರ್ ಇಪ್ಪತ್ತೈದರ ಒಳ್ಳೆಯ ಹುಡುಗ.

"ಇದು ಸೇವಾ ಶುಲ್ಕ ಅಲ್ಲ ಸಾರ್. ನೀವು ಸ್ವಇಚ್ಛೆಯಿಂದ ಕೊಡುವುದು."

"ನನ್ನ ಇಚ್ಛೆಯನ್ನು ನನಗಿಂತ ಮೊದಲು ನೀವೇ ಅಚ್ಚು ಹಾಕಿಸಿದ್ದೀರಲ್ಲಪ್ಪಾ?"

"ಬೇಡವೆಂದರೆ ತೆಗೆಯುತ್ತೇನೆ ಸಾರ್, ಅದಕ್ಕೇನಂತೆ."

ಜಗಳಕ್ಕೆ ಸಿದ್ಧವಾಗಿ ಬಂದವನಿಗೆ ಇಷ್ಟು ಸಲೀಸಾಗಿ ಗೆದ್ದರೆ ನಿರಾಸೆಯೇ. ಆತ ಕೈಯಲ್ಲಿದ್ದ ಯಂತ್ರದಲ್ಲಿ ಆ ಸಾಲನ್ನು ಒತ್ತಿದ. ಅಳಿಸಲು ಕಾರಣ ಕೊಡದೆ ಯಂತ್ರ ಮುಂದೆ ಹೋಗುವುದಿಲ್ಲವಂತೆ. ಮೂರು ಕಾರಣಗಳು ಕಾಣಿಸಿಕೊಂಡವು: ಊಟ ಚೆನ್ನಾಗಿಲ್ಲ, ತಡವಾಯಿತು, ಗಿರಾಕಿಯ ಗಲಾಟೆ. ಊಟ ಹೇಗಿತ್ತು ಸಾರ್ ಎಂದು ಕೇಳಿದ, ಚೆನ್ನಾಗಿತ್ತು ಎಂದೆ. ತಡವಾಯಿತೇ ಎಂದ, ಇಲ್ಲ ಎಂದೆ. ಕಾನೂನು ಎಂದು ನಾಲ್ಕನೆಯದೇನಾದರೂ ಇದೆಯೇ ಎಂದು ನಾನು ಬಗ್ಗಿ ನೋಡಿದೆ. ಆತನೂ ಪಾಪ ಮೇಲೆ ಕೆಳಗೆ ಸರಿಸಿ ಹುಡುಕಿದ, ಕ್ಷಮಿಸಿ ಸಾರ್ ಎಂದ, ಮೂರನೆಯದನ್ನು ಒತ್ತಿದ.