ಉಳಿತಾಯ: ಇನ್ನೂರು ರೂಪಾಯಿ

ಮೈಸೂರಿನ ಚಳಿಗೋ ಏನೋ, ನಮ್ಮ ಮಾರುತಿ 800 ಒಂದು ಬೆಳಿಗ್ಗೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಗ್ಯಾರೇಜಿನವರು ಬಂದು, ಬಾನೆಟ್ ಎತ್ತಿ, ಬ್ಯಾಟರಿಯ ತಂತಿಯನ್ನು ಅಲ್ಲಾಡಿಸಿ ಗಾಡಿ ಚಾಲೂ ಮಾಡಿದರು. "ಟರ್ಮಿನಲ್‌ಗೆ ಪೌಡರ್ ಹಿಡಿದಿದೆ ಸರ್. ಕ್ಲೀನ್ ಮಾಡಿಸಿಬಿಡಿ, ಇನ್ನೂರು ಆಗುತ್ತದೆ" ಎಂದರು.

ಪೌಡರ್ ಒರೆಸುವುದಕ್ಕೆ ಇನ್ನೂರು! ಆ ದರದಲ್ಲಿ ಮೂವತ್ತು ವರ್ಷಗಳಿಂದ ಮನೆಯ ಧೂಳು ಒರೆಸುತ್ತಿರುವ ನನ್ನ ಹೆಂಡತಿಗೆ ನಾನೆಷ್ಟು ಬಾಕಿ ಎಂಬ ಲೆಕ್ಕವೂ ಮನಸ್ಸಿನಲ್ಲಿ ಹಾದುಹೋಯಿತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡನಲ್ಲ ನಾನು.

ಕಳೆದ ಆಯುಧಪೂಜೆಗೆ 1,450 ರೂಪಾಯಿ ಕೊಟ್ಟು ಒಂದು ಟೂಲ್ ಬಾಕ್ಸ್ ತಂದಿದ್ದೆ. ಅದಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡಿದ್ದನ್ನು ಬಿಟ್ಟರೆ ಬೇರೆ ಉಪಯೋಗವಾಗಿರಲಿಲ್ಲ. ಈ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಈಗಿನ ಕಾರುಗಳಂತೆ ಇಂಜಿನ್ನಿಗೆ ಪ್ಲಾಸ್ಟಿಕ್ಕಿನ ಮುಸುಕಿಲ್ಲ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕಂಡದ್ದೆಲ್ಲ ಅರ್ಥವಾಗಿದೆ ಎಂಬ ಭ್ರಮೆ ಹುಟ್ಟುವುದೂ ಅದರಿಂದಲೇ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ 'ಉಳಿತಾಯ' ಎಂದು ಬರೆದು, ಅಡಿಗೆರೆ ಎಳೆದು, ಭಾನುವಾರ ಕೆಲಸಕ್ಕಿಳಿದೆ.

ಮೊದಲು ನೆಗೆಟಿವ್ ತಂತಿಯನ್ನೇ ಬಿಚ್ಚಬೇಕು. ಕಾರಿನ ಮೈಯೆಲ್ಲ ನೆಗೆಟಿವ್‌ಗೆ ಸೇರಿಕೊಂಡಿರುವುದರಿಂದ, ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಎಲ್ಲಾದರೂ ತಗುಲಿದರೆ ದೀಪಾವಳಿಯೇ. ಇದನ್ನು ವಿಡಿಯೋದಲ್ಲಿ ನೋಡಿ ಕಲಿತಿದ್ದೆ, ತಪ್ಪಲಿಲ್ಲ. ಅಡುಗೆ ಸೋಡಾವನ್ನು ಬಿಸಿನೀರಿನಲ್ಲಿ ಕದಡಿ ಟರ್ಮಿನಲ್‌ಗೆ ಹಚ್ಚಿದರೆ, ಈನೋ ಬಿದ್ದ ರವೆ ಇಡ್ಲಿ ಹಿಟ್ಟಿನಂತೆ ಬುಸುಬುಸು ನೊರೆ! ಬಿಳಿ, ಹಸಿರು ಪುಡಿಯೆಲ್ಲ ಕರಗಿ ಸೀಸದ ಹೊಳಪು ಕಂಡಿತು. ಬಚ್ಚಲಿನ ಕಿಟಕಿಯಿಂದ ತಂದಿದ್ದ ಹಳೆಯ ಬ್ರಷ್ಷಿನಿಂದ ಉಜ್ಜುತ್ತಿದ್ದಾಗ, ಊರಿನಿಂದ ಬಂದಿದ್ದ ಮಾವನವರು ಹಲ್ಲುಜ್ಜದ ಬಾಯಲ್ಲೇ ಹೊರಗೆ ಬಂದು ನನ್ನ ಕೈಯನ್ನೇ ದಿಟ್ಟಿಸಿದರು. ಅವರು ಏನೂ ಹೇಳಲಿಲ್ಲ. ಹೊಸ ಬ್ರಷ್ಷಿಗೆ 40 ರೂಪಾಯಿ.

ಮರಳಿ ಜೋಡಿಸುವಾಗ ನಟ್ಟು ಕೈಜಾರಿತು. ಟಿಣ್ ಎಂದಿತು, ಇನ್ನೊಮ್ಮೆ ಟಿಣ್ ಎಂದಿತು, ಆಮೇಲೆ ಸದ್ದಿಲ್ಲ. ನೆಲದ ಮೇಲೆ ಅಂಗಾತ ಮಲಗಿ ಟಾರ್ಚ್ ಬಿಟ್ಟು ಹುಡುಕಿದೆ. ಬಾನೆಟ್ಟಿನೊಳಗೆ ಬಿದ್ದ ನಟ್ಟು ಮೇಲೂ ಇರುವುದಿಲ್ಲ, ಕೆಳಗೂ ಬರುವುದಿಲ್ಲ. ತ್ರಿಶಂಕುವಿಗೆ ವಿಶ್ವಾಮಿತ್ರರು ಕಟ್ಟಿಕೊಟ್ಟ ಸ್ವರ್ಗ ಅಲ್ಲೇ ಎಲ್ಲೋ ಇರಬೇಕು.

ಫ್ರಿಜ್ಜಿನ ಬಾಗಿಲಿಗೆ ಮೊಮ್ಮಗಳು ಅಂಟಿಸಿದ್ದ ಆನೆಯ ಬೆನ್ನಲ್ಲಿ ಅಯಸ್ಕಾಂತ ಇದ್ದದ್ದು ನೆನಪಾಯಿತು. ಅದರ ಸೊಂಡಿಲಿಗೆ ದಾರ ಕಟ್ಟಿ, ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಟ್ಟಂತೆ ಬಿಟ್ಟೆ. ಒಳಗೆ ಏನೋ ಕಚ್ಚಿಕೊಂಡಿತು. ಸಂತೋಷದಿಂದ ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ, ದಾರ ಮಾತ್ರ ಬಂತು. ಇಡೀ ಕಾರೇ ಕಬ್ಬಿಣದ್ದು ಎಂಬುದು ನನಗೆ ಆಗ ಹೊಳೆಯಿತು.

"ರೀ, ಬೋಂಡಕ್ಕೆ ಹಿಟ್ಟು ಕಲಸಿಟ್ಟಿದ್ದೇನೆ, ಸೋಡಾ ಡಬ್ಬಿ ಎಲ್ಲಿ?" ಎಂದು ಒಳಗಿನಿಂದ ಕೂಗು. ಅದರ ಬೆನ್ನಿಗೇ "ಅಜ್ಜಿ, ನನ್ನ ಆನೆ ಎಲ್ಲಿ?"

ನಟ್ಟಿಲ್ಲದ ತಂತಿಯನ್ನು ಹಾಗೆಯೇ ಒತ್ತಿ ಕೂರಿಸಿ ಕೀಲಿ ತಿರುಗಿಸಿದೆ. ಕಾರು 'ಕಟ್' ಎಂದು ನಾಲಿಗೆ ಲೊಚಗುಟ್ಟಿ ಮಲಗಿತು. ಗ್ಯಾರೇಜಿಗೆ ಫೋನ್ ಮಾಡದೆ ಗತಿಯಿರಲಿಲ್ಲ.

ಅವರು ಬಂದು ಬ್ಯಾಟರಿಯನ್ನೇ ಎತ್ತಿ ಕೆಳಗಿಟ್ಟು, ಟ್ರೇಯ ಸಂದಿಗೆ ಕೈ ಹಾಕಿದರು. ಮೊದಲು ನಟ್ಟು ಬಂತು. ಆಮೇಲೆ ಆನೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನು ಯಾವಾಗ ಹಾಕಿಸಿದಿರಿ ಸರ್?" ಎಂದರು. ನಾನು ಆಕಾಶ ನೋಡಿದೆ. ಮತ್ತೆ ಕೈ ಹಾಕಿದವರು ಥಟ್ಟನೆ ನಿಂತು, ಎಣ್ಣೆ ಹಿಡಿದು ಕಪ್ಪಾಗಿದ್ದ ಒಂದು ಸ್ಪ್ಯಾನರ್ ಹೊರತೆಗೆದು ಬಟ್ಟೆಯಿಂದ ಒರೆಸಿದರು.

"ಇದು ನಮ್ಮದೇ ಸರ್! ಹೋದ ವರ್ಷದ ಸರ್ವಿಸಿನಲ್ಲಿ ಕಳೆದದ್ದು. ಇದಕ್ಕಾಗಿ ಹುಡುಗನಿಗೆ ಎಷ್ಟು ಬೈದಿದ್ದೇನೆ!"

ಮುಖ ಅರಳಿಸಿಕೊಂಡೇ ನಟ್ಟು ಬಿಗಿದರು. ನಾನು ಪರ್ಸ್ ತೆಗೆದರೆ, "ಬಿಡಿ ಸರ್, ನೀವೇ ಕ್ಲೀನ್ ಮಾಡಿದ್ದೀರಲ್ಲ" ಎಂದು ಸ್ಕೂಟರ್ ಹತ್ತಿದರು.

ಒಳಗೆ ಹೋಗಿ ಹಾಲಿನ ಪುಸ್ತಕ ತೆರೆದು 200 ಎಂದು ಬರೆದೆ. ಸೋಡಾ ಇಲ್ಲದ ಬೋಂಡ ತಟ್ಟೆಯಲ್ಲಿಟ್ಟ ಹೆಂಡತಿ ಪೆನ್ನು ಕಸಿದುಕೊಂಡು, ಅದರ ಕೆಳಗೆ ಬ್ರಷ್ಷಿನ 40 ಕಳೆದಳು.